ಜೂಜು ಬಿಡುವ ದಾರಿಗಳು: ಆಣೆಯಿಂದ ಹೆಸರುಪಟ್ಟಿಯವರೆಗೆ

ಜೂಜು ಬಿಡಬೇಕೆಂದು ನಿಶ್ಚಯಿಸಿ, ಬಿಡಲಾರದೆ ಹೋದ ಮನುಷ್ಯನ ಅಳಲು ಭಾರತದ ಅತಿ ಹಳೆಯ ಸಾಹಿತ್ಯದಲ್ಲೇ ಕೇಳಿಬರುತ್ತದೆ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಅಕ್ಷಸೂಕ್ತವೆಂದು ಹೆಸರಾಗಿದೆ. ಅದರಲ್ಲಿ ಮಾತಾಡುವವನು ತಾರೆಕಾಯಿಗಳನ್ನು ದಾಳವಾಗಿ ಎಸೆದು ಆಡಿ ಮನೆಮಾರು ಕಳೆದುಕೊಂಡ ಜೂಜುಕೋರ. ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ಹೆತ್ತವರೂ ಒಡಹುಟ್ಟಿದವರೂ ಇವನು ಯಾರೋ ನಮಗೆ ತಿಳಿಯದು ಎನ್ನುತ್ತಾರೆ. ಇನ್ನು ಆಡುವುದಿಲ್ಲವೆಂದು ಅವನು ತೀರ್ಮಾನಿಸುತ್ತಾನೆ. ಆದರೆ ಜೊತೆಗಾರರು ಅವನನ್ನು ಬಿಟ್ಟು ಆಟದ ಕಡೆಗೆ ನಡೆಯುತ್ತಾರೆ, ದಾಳ ಬಿದ್ದ ಸದ್ದು ಕಿವಿಗೆ ತಾಕುತ್ತದೆ, ಅವನೂ ಎದ್ದು ಹೊರಡುತ್ತಾನೆ. ಸೂಕ್ತದ ಕೊನೆಯಲ್ಲಿ ಬರುವ ಬುದ್ಧಿಮಾತು ಆಟ ಬಿಟ್ಟು ಹೊಲ ಉಳು ಎಂಬುದು. ಸುಮಾರು ಮೂರು ಸಾವಿರ ವರ್ಷ ಹಿಂದಿನ ಈ ರಚನೆ ಚಟದ ಲಕ್ಷಣಗಳನ್ನೆಲ್ಲ ಬಲ್ಲದು: ಕರೆಯುವ ಗೆಳೆಯರು, ಆಸೆ ಕೆರಳಿಸುವ ಸದ್ದು, ಸಾಲದ ಭಯದಲ್ಲಿ ರಾತ್ರಿ ಪರರ ಮನೆ ಸೇರುವ ಅವಸ್ಥೆ. ಅದಕ್ಕೆ ಗೊತ್ತಿರುವ ಮದ್ದು ಮಾತ್ರ ಮನಸ್ಸು ಗಟ್ಟಿಮಾಡುವುದೊಂದೇ. ಆ ಮದ್ದು ಸಾಲದೆಂದು ಜನ ಕಂಡುಕೊಂಡು, ಜೂಜುಕೋರನಿಗೂ ಪಣಕ್ಕೂ ನಡುವೆ ಬೇರೆ ಬೇರೆ ಅಡ್ಡಗಳನ್ನು ಇಡುತ್ತ ಬಂದ ಬಗೆಯೇ ಜೂಜು ಬಿಡುವ ಯತ್ನಗಳ ಚರಿತ್ರೆ.

ಮೊದಲ ಅಡ್ಡಗಳಲ್ಲಿ ಒಂದು, ಆಟಕ್ಕೆ ಗೊತ್ತಾದ ಜಾಗ. ಕೌಟಿಲ್ಯನ ಅರ್ಥಶಾಸ್ತ್ರ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸುತ್ತದೆ. ಜೂಜು ಒಂದೇ ಕಡೆ ನಡೆಯಬೇಕು, ಬೇರೆ ಕಡೆ ಆಡಿದವನಿಗೆ 12 ಪಣ ದಂಡ, ದಾಳವನ್ನು ಅಧಿಕಾರಿಯೇ ಒದಗಿಸಬೇಕು, ಗೆದ್ದ ಹಣದಲ್ಲಿ ನೂರಕ್ಕೆ ಐದು ರಾಜ್ಯದ ಪಾಲು. ಇದರ ಉದ್ದೇಶ ಜೂಜುಕೋರನ ಹಿತವಲ್ಲ. ಗುಟ್ಟಾಗಿ ಬದುಕುವ ಕಳ್ಳಕಾಕರನ್ನು ಪತ್ತೆಹಚ್ಚುವುದೇ ಕಾರಣವೆಂದು ಗ್ರಂಥವೇ ಹೇಳುತ್ತದೆ. ಮನುಸ್ಮೃತಿ ಇನ್ನೊಂದು ತುದಿಗೆ ಹೋಗಿ, ರಾಜನು ದಾಳದಾಟವನ್ನೂ ಪ್ರಾಣಿಗಳ ಮೇಲಿನ ಪಂದ್ಯವನ್ನೂ ತನ್ನ ನಾಡಿನಿಂದ ಅಟ್ಟಬೇಕೆನ್ನುತ್ತದೆ. ಜಾಗ ಕೊಟ್ಟು ಕಟ್ಟಿಹಾಕುವುದೋ, ಪೂರಾ ನಿಲ್ಲಿಸುವುದೋ ಎಂಬ ಇಂದಿನ ವಿಧಾನಸಭೆಗಳ ವಾದಕ್ಕೆ ಅಷ್ಟು ಹಳೆಯ ಬೇರಿದೆ.

ಜನರ ನಡುವೆ ಬೆಳೆದ ಅಡ್ಡ ಬೇರೆಯದು, ಅದು ಪಂಚಾಂಗದ್ದು. ಉತ್ತರ ಭಾರತದಲ್ಲಿ ದೀಪಾವಳಿಯ ರಾತ್ರಿ, ಹಳೇ ಮೈಸೂರು ಸೀಮೆಯಲ್ಲಿ ಯುಗಾದಿ ಮತ್ತು ಅದರ ಮರುದಿನದ ವರ್ಷದ ತೊಡಕಿನಂದು ಜೂಜಾಡುವ ರೂಢಿಯಿದೆ. ಮಂಡ್ಯ, ಮೈಸೂರು, ಹಾಸನದ ಹಳ್ಳಿಗಳಲ್ಲಿ ವರ್ಷದ ಉಳಿದ ದಿನ ಇಸ್ಪೀಟು ಮುಟ್ಟದವರೂ ಆ ದಿನ ಮರದಡಿ ಅಂದರ್ ಬಾಹರ್‌ಗೆ ಕೂರುತ್ತಾರೆ. ಹೊಸ ವರ್ಷದ ಅದೃಷ್ಟವನ್ನು ನೋಡಿಕೊಳ್ಳುವ ಆಟವೆಂಬುದು ನಂಬಿಕೆ. ಈ ದಿನಕ್ಕಷ್ಟೇ ಎಂಬ ಕಟ್ಟು ಹಲವರನ್ನು ಮಿತಿಯಲ್ಲಿ ಇಟ್ಟಿದೆ ಎಂಬುದು ನಿಜ. ಚಟ ಹತ್ತಿದವನಿಗೆ ಮಾತ್ರ ಹಬ್ಬವೇ ಮತ್ತೆ ಜಾರುವ ದಿನ. ತಿಂಗಳುಗಟ್ಟಲೆ ತಡೆದುಕೊಂಡವನು ಯುಗಾದಿಯ ನೆಪದಲ್ಲಿ ಕೂತು, ಸೋತು, ಸೋತದ್ದನ್ನು ಹಿಂದಕ್ಕೆ ತರಲು ಮರುವಾರವೂ ಕೂರುತ್ತಾನೆ. ಹೊಲ ಅಡವಿಟ್ಟ, ಹೆಂಡತಿಯ ಒಡವೆ ಗಿರವಿಗೆ ಹೋದ ಕಥೆಗಳು ಇಲ್ಲಿಂದ ಶುರುವಾಗುವುದೇ ಹೆಚ್ಚು.

ಹಾಗೆ ಜಾರಿದವರು ಕರ್ನಾಟಕದಲ್ಲಿ ಹಿಡಿಯುತ್ತ ಬಂದ ದಾರಿ ಆಣೆ. ಜೈನರಲ್ಲಿ ಇದಕ್ಕೆ ಶಾಸ್ತ್ರದ ರೂಪವೇ ಇತ್ತು. ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳಲ್ಲಿ ಮೊದಲ ಹೆಸರು ದ್ಯೂತದ್ದು. ಮಾಂಸ, ಮದ್ಯ, ಕಳ್ಳತನ ಮೊದಲಾದವು ಅದರ ಹಿಂದೆ ಬರುತ್ತವೆ. ಮುನಿಯ ಮುಂದೆ ವ್ರತ ತೊಟ್ಟವನು ತಪ್ಪಿದರೆ ತಪ್ಪನ್ನು ಒಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಕ್ರಮವಿತ್ತು, ಆ ಮೇಲೆ ವ್ರತ ಮುಂದುವರಿಯುತ್ತಿತ್ತು. ಧರ್ಮಸ್ಥಳದ ಮಂಜುನಾಥಸ್ವಾಮಿಯ ಹೆಸರಿನಲ್ಲಿ ಇಡುವ ಆಣೆಯೂ, ಮಾತು ತಪ್ಪಿದವನು ಕಟ್ಟುವ ತಪ್ಪುಕಾಣಿಕೆಯೂ ಇದೇ ಜಾಡಿನವು. ಶಬರಿಮಲೆಗೆ ಹೊರಟವರು ಮಾಲೆ ಹಾಕಿ 41 ದಿನದ ವ್ರತ ಹಿಡಿದಾಗ ಕುಡಿತದೊಂದಿಗೆ ಇಸ್ಪೀಟನ್ನೂ ಬಿಡುವುದುಂಟು. ಇವುಗಳ ಬಲ ಒಬ್ಬನ ಮನಸ್ಸಿನಲ್ಲಿಲ್ಲ, ಆಣೆಯನ್ನು ಕೇಳಿಸಿಕೊಂಡ ಮನೆಯವರಲ್ಲಿ, ಮಾಲೆಯನ್ನು ಕಂಡು ಆಟಕ್ಕೆ ಕರೆಯದ ಊರವರಲ್ಲಿ ಇದೆ. ದುರ್ಬಲತೆಯೂ ಅಲ್ಲೇ: ಮಾಲೆ ತೆಗೆದ ದಿನ ಊರು ಮತ್ತೆ ಕರೆಯುತ್ತದೆ. ಆದರೂ ಒಂದು ಸಂಗತಿಯನ್ನು ಈ ಪದ್ಧತಿಗಳು ಬೇಗ ಅರಿತಿದ್ದವು. ಬಿಟ್ಟವನು ಮತ್ತೆ ಬೀಳುವುದು ಸಹಜ, ಬಿದ್ದವನು ಮರಳಲು ಬಾಗಿಲು ಇರಬೇಕು. ಆಧುನಿಕ ವೈದ್ಯಶಾಸ್ತ್ರ ಈ ತಿಳಿವಳಿಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ.

ಮಹಾಭಾರತದ ನಳನ ಕಥೆ ಇನ್ನೊಂದು ದಾರಿಯನ್ನು ಹೇಳುತ್ತದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡು ಕಾಡು ಸೇರಿದ ನಳನಿಗೆ ಮುಂದೆ ದೊರೆ ಋತುಪರ್ಣ ಅಕ್ಷಹೃದಯವೆಂಬ ವಿದ್ಯೆಯನ್ನು, ಅಂದರೆ ದಾಳದ ಮತ್ತು ಎಣಿಕೆಯ ಮರ್ಮವನ್ನು, ಕಲಿಸುತ್ತಾನೆ. ಕೂಡಲೆ ಅವನ ಮೈಹೊಕ್ಕು ಜೂಜಾಡಿಸಿದ್ದ ಕಲಿಪುರುಷ ಹೊರಬೀಳುತ್ತಾನೆ. ವನವಾಸದಲ್ಲಿ ಈ ಕಥೆಯನ್ನು ಹೇಳಿದ ಬೃಹದಶ್ವ ಋಷಿ ಧರ್ಮರಾಯನಿಗೂ ಅದೇ ವಿದ್ಯೆಯನ್ನು ಕೊಡುತ್ತಾನೆ. ಕನಕದಾಸರ ನಳಚರಿತ್ರೆಯ ಮೂಲಕ ಕನ್ನಡಿಗರಿಗೆ ಹತ್ತಿರವಾದ ಕಥೆಯಿದು. ಆಟದ ಲೆಕ್ಕ ಅರಿತವನನ್ನು ಆಟ ಹಿಡಿಯಲಾರದು ಎಂಬ ಸೂಕ್ಷ್ಮ ಇದರಲ್ಲಿದೆ. ಆದರೆ ನಳ ಕೊನೆಗೆ ಮತ್ತೊಮ್ಮೆ ಪಣವಿಟ್ಟು ಆಡಿ ರಾಜ್ಯವನ್ನು ಗೆದ್ದುಕೊಳ್ಳುತ್ತಾನೆ. ಕೊನೆಯದೊಂದು ಆಟ, ಅದರಲ್ಲಿ ಎಲ್ಲವೂ ವಾಪಸು ಎಂಬ ಈ ಕನಸೇ ಜೂಜುಕೋರನನ್ನು ಹಾಳುಮಾಡುವುದು. ಕಾವ್ಯವಾಗಿ ಎಷ್ಟು ಸೊಗಸಾದರೂ, ಚಟಕ್ಕೆ ಸಿಕ್ಕವನ ಕೈಗೆ ಕೊಡಬಾರದ ಮುಕ್ತಾಯ ಅದು.

ಯೂರೋಪಿನಲ್ಲಿ ಹದಿನೈದನೆಯ ಶತಮಾನದ ಫ್ರಾನ್ಸಿಸ್ಕನ್ ಬೋಧಕರು ಬಿಡುವ ಕ್ರಿಯೆಯನ್ನು ಊರ ನಡುವಿನ ಚೌಕಕ್ಕೆ ತಂದರು. ಸಿಯೆನಾದ ಬರ್ನಾರ್ಡಿನೊ 1423ರಲ್ಲಿ ಬೊಲೋನ್ಯಾದಲ್ಲಿ ಜೂಜಿನ ವಿರುದ್ಧ ಬೋಧಿಸಿದಾಗ ಜನ ಇಸ್ಪೀಟೆಲೆ, ದಾಳಗಳನ್ನು ತಂದು ಬೆಂಕಿಗೆ ಹಾಕಿದರು. ಅವರ ಶಿಷ್ಯ ಜಾನ್ ಕ್ಯಾಪಿಸ್ಟ್ರಾನೊ 1452ರಲ್ಲಿ ನ್ಯೂರೆಂಬರ್ಗಿನಲ್ಲಿ ಅದನ್ನೇ ಮಾಡಿಸಿದರು. ಬೊಲೋನ್ಯಾದ ಎಲೆ ಬರೆಯುವ ಕುಶಲಕರ್ಮಿಯೊಬ್ಬ ತನ್ನ ಹೊಟ್ಟೆಪಾಡು ಹೋಯಿತೆಂದಾಗ, ಕ್ರಿಸ್ತನಾಮದ ಫಲಕ ಬರೆದು ಮಾರೆಂದು ಬರ್ನಾರ್ಡಿನೊ ದಾರಿ ತೋರಿಸಿದರೆಂಬ ಕಥೆಯಿದೆ. ಊರಿಗೆ ಊರೇ ಒಂದೇ ದಿನ ಬಿಟ್ಟಾಗ ಕರೆಯುವ ಗೆಳೆಯರಿರುವುದಿಲ್ಲ. ಆ ಉರಿಯ ಬಲ ಇದ್ದದ್ದು ಅದರಲ್ಲಿ. ಬೋಧಕರು ಮುಂದಿನೂರಿಗೆ ಹೋದ ಮೇಲೆ ಮಾತ್ರ ಹೊಸ ಎಲೆ, ಹೊಸ ದಾಳ ಪೇಟೆಗೆ ಬರುತ್ತಿದ್ದವು.

ಒಬ್ಬ ವ್ಯಕ್ತಿ ಜೂಜು ಬಿಟ್ಟ ಬಗೆ ವಿವರವಾಗಿ ದಾಖಲಾಗಿರುವ ಪ್ರಸಂಗಗಳಲ್ಲಿ ರಷ್ಯದ ಕಾದಂಬರಿಕಾರ ಫ್ಯೋದರ್ ದಾಸ್ತಯೇವ್‌ಸ್ಕಿಯದು ಬಹಳ ಪ್ರಸಿದ್ಧ. 1863ರಿಂದ ಅವರು ಜರ್ಮನಿಯ ವೀಸ್‌ಬಾಡೆನ್, ಬಾಡೆನ್ ಬಾಡೆನ್ ಪಟ್ಟಣಗಳ ರೂಲೆಟ್ ಮೇಜುಗಳಿಗೆ ಅಂಟಿಕೊಂಡರು. 1865ರಲ್ಲಿ ವೀಸ್‌ಬಾಡೆನ್ನಿನ ಹೋಟೆಲಿನಲ್ಲಿ ಬಿಲ್ಲು ಕಟ್ಟಲಾಗದೆ ಸಿಕ್ಕಿಬಿದ್ದರು. ಸಾಲದ ಒತ್ತಡದಲ್ಲಿ ಪ್ರಕಾಶಕನೊಬ್ಬನಿಗೆ ಮಾಡಿಕೊಟ್ಟ ಕರಾರಿನ ಗಡುವು ಹತ್ತಿರವಾದಾಗ, 1866ರ ಅಕ್ಟೋಬರಿನಲ್ಲಿ ಶೀಘ್ರಲಿಪಿಕಾರ್ತಿ ಆನ್ನಾ ಸ್ನಿಟ್ಕಿನಾಗೆ ಹೇಳಿ ಬರೆಸಿದ ಪುಸ್ತಕದ ಹೆಸರೇ ‘ಜೂಜುಕೋರ’. ಮರುವರ್ಷ ಆಕೆಯನ್ನೇ ಮದುವೆಯಾಗಿ ಯೂರೋಪಿಗೆ ಹೋದರು. 1867ರ ಬೇಸಿಗೆಯಲ್ಲಿ ಬಾಡೆನ್ ಬಾಡೆನ್ನಿನಲ್ಲಿ ಆನ್ನಾಳ ಉಂಗುರ, ಕಿವಿಯೋಲೆ, ಉಡುಪುಗಳೂ ಗಿರವಿ ಅಂಗಡಿ ಸೇರಿದವು. ಸೋತು ಬಂದು ಮಂಡಿಯೂರಿ ಕ್ಷಮೆ ಕೇಳುವುದು, ಇನ್ನಿಲ್ಲವೆಂದು ಮಾತು ಕೊಡುವುದು, ಮರಳಿ ಹೋಗುವುದು ಹಲವು ಸಲ ನಡೆಯಿತು. ಆನ್ನಾ ಜಗಳವಾಡಲಿಲ್ಲ, ಇದು ದುರ್ಗುಣವಲ್ಲ, ವಾಸಿಯಾಗದ ಕಾಯಿಲೆಯಂಥದ್ದು ಎಂಬ ತೀರ್ಮಾನಕ್ಕೆ ಬಂದಿದ್ದರು. ವೈದ್ಯಶಾಸ್ತ್ರ ಹಾಗೆಂದದ್ದು ನೂರು ವರ್ಷಕ್ಕೂ ಆಚೆ.

1871ರ ಏಪ್ರಿಲಿನಲ್ಲಿ ಅವರು ಕೊನೆಯ ಸಲ ವೀಸ್‌ಬಾಡೆನ್ನಿನಲ್ಲಿ ಆಡಿದರು. ಖಿನ್ನರಾಗಿದ್ದ ಗಂಡನಿಗೆ ಹಣ ಕೊಟ್ಟು ಕಳಿಸಿದವರು ಆನ್ನಾ. ಎಲ್ಲವನ್ನೂ ಸೋತು, ಭ್ರಮೆ ಕಳಚಿತೆಂದು ಹೆಂಡತಿಗೆ ಕಾಗದ ಬರೆದರು. ಅಂಥ ಕಾಗದ ಮೊದಲೂ ಬಂದಿದ್ದವು, ಈ ಸಲ ಮಾತು ಉಳಿಯಿತು. ಸಾಯುವವರೆಗೆ, ಅಂದರೆ 1881ರವರೆಗೆ, ಅವರು ಮತ್ತೆ ಆಡಲಿಲ್ಲ. ಇದನ್ನು ಮಹಾನ್ ಲೇಖಕನ ಸಂಕಲ್ಪದ ಗೆಲುವೆಂದು ಹೇಳುವವರು ಸುತ್ತ ನಡೆದ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಅದೇ ವರ್ಷ ರಷ್ಯಕ್ಕೆ ಮರಳಿದ ಮೇಲೆ ಮನೆಯ ಹಣಕಾಸನ್ನು ಆನ್ನಾ ವಹಿಸಿಕೊಂಡರು. ಸಾಲ ಕೊಟ್ಟವರ ಜೊತೆ ತಾವೇ ಮಾತಾಡಿ ಕಂತು ಗೊತ್ತುಮಾಡಿದರು, 1873ರಿಂದ ಗಂಡನ ಪುಸ್ತಕಗಳನ್ನು ತಾವೇ ಪ್ರಕಟಿಸಿ ಮಾರಿದರು. ಎರಡನೆಯದು, ಜರ್ಮನಿಯ ಜೂಜುಮನೆಗಳೆಲ್ಲ 1872ರ ಕೊನೆಗೆ ಕಾನೂನಿನಂತೆ ಮುಚ್ಚಿದವು. 1874ರಿಂದ ಆರೋಗ್ಯಕ್ಕಾಗಿ ದಾಸ್ತಯೇವ್‌ಸ್ಕಿ ಹಲವು ಬಾರಿ ಜರ್ಮನಿಯ ಬಾಡ್ ಎಮ್ಸ್‌ಗೆ ಹೋದಾಗ ಅಲ್ಲಿ ರೂಲೆಟ್ ಮೇಜು ಇರಲಿಲ್ಲ. ಸಂಕಲ್ಪ, ಹಣ ಹಿಡಿದ ಇನ್ನೊಂದು ಕೈ, ಮುಚ್ಚಿದ ಬಾಗಿಲು ಮೂರೂ ಒಂದೇ ಕಾಲಕ್ಕೆ ಕೂಡಿಬಂದವು.

ಆ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಜೂಜು ವಿರೋಧಿ ಚಳವಳಿ ಬಲಗೊಂಡಿತು. 1890ರಲ್ಲಿ ರಾಷ್ಟ್ರೀಯ ಜೂಜು ವಿರೋಧಿ ಸಂಘ ಹುಟ್ಟಿತು, 1906ರಲ್ಲಿ ಬೀದಿಯ ಬೆಟ್ಟಿಂಗ್ ಅಪರಾಧವಾಯಿತು. ಕಾನೂನು ಕೂಲಿಯವರ ಬುಕ್ಕಿಯನ್ನು ಹಿಡಿಯಿತು, ಶ್ರೀಮಂತರು ರೇಸ್ ಕೋರ್ಸಿನಲ್ಲಿ ಪಂದ್ಯ ಕಟ್ಟುವುದನ್ನು ಮುಟ್ಟಲಿಲ್ಲ. ಮನೋವಿಶ್ಲೇಷಕರು ಬೇರೆ ಕಡೆಯಿಂದ ಬಂದರು. ಫ್ರಾಯ್ಡ್ 1928ರಲ್ಲಿ ದಾಸ್ತಯೇವ್‌ಸ್ಕಿಯ ಬಗ್ಗೆಯೇ ಬರೆದ ಪ್ರಬಂಧದಲ್ಲಿ ಜೂಜನ್ನು ತನ್ನನ್ನು ತಾನೇ ದಂಡಿಸಿಕೊಳ್ಳುವ ಬಗೆಯೆಂದು ನೋಡಿದರು. ಎಡ್ಮಂಡ್ ಬರ್ಗ್ಲರ್ 1957ರ ತಮ್ಮ ಪುಸ್ತಕದಲ್ಲಿ ಜೂಜುಕೋರ ಒಳಗೊಳಗೇ ಸೋಲನ್ನೇ ಬಯಸುತ್ತಾನೆಂದು ವಾದಿಸಿದರು. ಕುತೂಹಲದ ವಿಚಾರಗಳೇ ಹೌದು. ಸಂಬಳದ ದಿನ ಸಂಜೆ ಮನೆ ಸೇರಬೇಕಾದವನಿಗೆ ಅವುಗಳಿಂದ ಆದ ಉಪಕಾರ ಕಡಿಮೆ.

ಬರ್ಗ್ಲರರ ಪುಸ್ತಕ ಬಂದ ವರ್ಷವೇ ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಜೂಜುಕೋರರು ತಾವೇ ಒಂದು ದಾರಿ ಕಂಡುಕೊಂಡರು. 1957ರ ಜನವರಿಯಲ್ಲಿ ಆಕಸ್ಮಿಕವಾಗಿ ಭೇಟಿಯಾದ ಇಬ್ಬರು ತಮ್ಮ ಕಥೆ ಹೇಳಿಕೊಂಡರು, ಆಗಾಗ ಸೇರತೊಡಗಿದರು; ಹಾಗೆ ಸೇರುತ್ತಿರುವಷ್ಟು ಕಾಲ ಆಟಕ್ಕೆ ಹೋಗುವ ಅಗತ್ಯ ಬೀಳಲಿಲ್ಲವೆಂದು ಕಂಡುಕೊಂಡರು. ಆ ವರ್ಷದ ಸೆಪ್ಟೆಂಬರ್ 13ರಂದು ಗ್ಯಾಂಬ್ಲರ್ಸ್ ಅನಾನಿಮಸ್ ಸಂಘದ ಮೊದಲ ಸಭೆ ನಡೆಯಿತು. ಕುಡಿತ ಬಿಡುವವರಿಗಾಗಿ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಅದರ ಮಾದರಿ. ಹೆಸರು ಹೇಳಬೇಕಿಲ್ಲ, ಶುಲ್ಕವಿಲ್ಲ, ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವದ ಅರ್ಹತೆ. ಒಂದು ದಿನದ ಮಟ್ಟಿಗೆ ಆಡದಿರುವುದು ಗುರಿ, ನಾಳೆಯ ಮಾತು ನಾಳೆಗೆ. ಹೊಸಬರ ಮುಂದೆ 20 ಪ್ರಶ್ನೆಗಳನ್ನು ಇಡುತ್ತಾರೆ: ಸೋತದ್ದನ್ನು ಗೆಲ್ಲಲು ಆದಷ್ಟು ಬೇಗ ಹಿಂದಿರುಗಬೇಕೆನಿಸಿತ್ತೆ, ಸಾಲ ತೀರಿಸಲೆಂದು ಆಡಿದ್ದುಂಟೆ ಎಂಬಂಥವು. ಏಳಕ್ಕಾದರೂ ಹೌದೆನ್ನುವವರು ಚಟಕ್ಕೆ ಸಿಕ್ಕಿರುವ ಸಾಧ್ಯತೆ ಹೆಚ್ಚೆಂಬುದು ಸಂಘದ ಅನುಭವ.

ಕುಡಿತದ ಸಂಘದಲ್ಲಿ ಇಲ್ಲದ ಒಂದು ಕೆಲಸವನ್ನು ಈ ಸಂಘ ಸೇರಿಸಿಕೊಂಡಿತು. ಅದು ಸಾಲದ ಲೆಕ್ಕ. ಹಳೆಯ ಸದಸ್ಯರು ಹೊಸಬನನ್ನೂ ಅವನ ಸಂಗಾತಿಯನ್ನೂ ಕೂರಿಸಿಕೊಂಡು ಯಾರಿಗೆ ಎಷ್ಟು ಕೊಡಬೇಕೆಂಬುದನ್ನೆಲ್ಲ ಬರೆಸುತ್ತಾರೆ, ಮುಚ್ಚಿಟ್ಟ ಸಾಲವನ್ನೂ ಹೊರಗೆಳೆಯುತ್ತಾರೆ, ಸಂಸಾರಕ್ಕೆ ಬೇಕಾದಷ್ಟು ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಸಣ್ಣ ಕಂತುಗಳನ್ನು ಗೊತ್ತುಮಾಡುತ್ತಾರೆ. ಸಂಬಳವನ್ನು ಮನೆಯವರ ಕೈಗೆ ಕೊಡಬೇಕು. ಬಂಧುಗಳು ಒಟ್ಟಿಗೆ ಸಾಲ ತೀರಿಸಿಬಿಡುವುದನ್ನು ಸಂಘ ಒಪ್ಪುವುದಿಲ್ಲ, ಏಕೆಂದರೆ ಹೊರೆ ಇಳಿದ ಕೂಡಲೆ ಹೊಸ ಸಾಲ ಹುಟ್ಟುವುದನ್ನು ಸದಸ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಆನ್ನಾ ದಾಸ್ತಯೇವ್‌ಸ್ಕಾಯಾ ತಮ್ಮ ಮನೆಯಲ್ಲಿ ಮಾಡಿದ್ದನ್ನು ಇವರು ಪದ್ಧತಿಯಾಗಿಸಿದರು. 1964ರಲ್ಲಿ ಮೆಥಡಿಸ್ಟ್ ಪಾದ್ರಿ ಗಾರ್ಡನ್ ಮೂಡಿಯವರ ಯತ್ನದಿಂದ ಸಂಘ ಬ್ರಿಟನ್ನಿಗೆ ಬಂತು. 1971ರಲ್ಲಿ ಅವರು ಜೂಜುಕೋರರು ತಂಗಿ ಚೇತರಿಸಿಕೊಳ್ಳುವ ಮನೆಯನ್ನೂ ತೆರೆದರು. ಎಲ್ಲರಿಗೂ ಸಂಘ ಹಿಡಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಸಭೆಗಳ ಬಗ್ಗೆ 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೇರಿದವರ ಪೈಕಿ ಒಂದು ವರ್ಷ ಪೂರ್ತಿ ಆಡದೆ ಉಳಿದವರು ನೂರಕ್ಕೆ ಎಂಟು ಮಂದಿ ಮಾತ್ರ. ಉಳಿದುಕೊಂಡವರಿಗೆ ಸಭೆ ಬದುಕಿನ ಆಧಾರವಾಯಿತು, ಬಿಟ್ಟುಹೋದವರಿಗೆ ಬೇರೆ ಬಾಗಿಲು ಬೇಕಿತ್ತು.

ಆ ಬಾಗಿಲನ್ನು ವೈದ್ಯರು ತೆರೆಯುವಂತೆ ಮಾಡಿದವರೂ ಜೂಜುಕೋರರೇ. ಒಹಾಯೋ ರಾಜ್ಯದ ಬ್ರೆಕ್ಸ್‌ವಿಲ್‌ನಲ್ಲಿದ್ದ ನಿವೃತ್ತ ಸೈನಿಕರ ಆಸ್ಪತ್ರೆಯ ಮನೋವೈದ್ಯ ರಾಬರ್ಟ್ ಕಸ್ಟರ್ ಅವರನ್ನು ಸಂಘದ ಸದಸ್ಯರು ಕೇಳಿಕೊಂಡ ಫಲವಾಗಿ, 1972ರಲ್ಲಿ ಅಲ್ಲಿ ಜೂಜಿನ ಚಟಕ್ಕೆ ಒಳರೋಗಿ ಚಿಕಿತ್ಸೆ ಶುರುವಾಯಿತು. ಗೆಲುವಿನ ಕಾಲ, ಸೋಲಿನ ಕಾಲ, ಹತಾಶೆಯ ಕಾಲ ಎಂದು ಚಟದ ನಡೆಯನ್ನು ಮೂರು ಹಂತವಾಗಿ ವಿವರಿಸಿದವರು ಅವರು. ಸಮಾಜಶಾಸ್ತ್ರಜ್ಞ ಹೆನ್ರಿ ಲೆಸಿಯೂರ್ 1977ರಲ್ಲಿ ಬರೆದ ಪುಸ್ತಕ, ಸೋತ ಹಣದ ಬೆನ್ನುಹತ್ತುವುದೇ ಈ ಚಟದ ತಿರುಳೆಂದು ತೋರಿಸಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಆದರೆ ಆವೇಗ ತಡೆಯಲಾಗದ ದೋಷಗಳ ಸಾಲಿನಲ್ಲಿ. ಮದ್ಯ, ಮಾದಕವಸ್ತುಗಳ ಚಟದ ಪಕ್ಕಕ್ಕೆ ಅದು ಬಂದದ್ದು 2013ರ ಐದನೆಯ ಆವೃತ್ತಿಯಲ್ಲಿ. ಈ ಜಾಗಬದಲಾವಣೆ ಪುಸ್ತಕದೊಳಗಿನ ಸಂಗತಿಯೆಂದು ತಳ್ಳಿಹಾಕುವಂಥದ್ದಲ್ಲ. ನೀತಿಗೆಟ್ಟವನೆಂದು ಕರೆಸಿಕೊಳ್ಳುತ್ತಿದ್ದವನಿಗೆ ಚಿಕಿತ್ಸೆ ಕೇಳುವ ಹಕ್ಕು ಬಂದದ್ದು ಇಂಥ ಸಾಲುಗಳಿಂದಲೇ.

ಚಿಕಿತ್ಸೆಯ ಬಗೆಗಳು ಕ್ರಮೇಣ ಬೆಳೆದವು. ಕೆನಡಾದ ಕ್ವಿಬೆಕ್ಕಿನಲ್ಲಿ ರಾಬರ್ಟ್ ಲಾದುಸರ್ ಮತ್ತು ಸಂಗಡಿಗರು ಆಟಗಾರನ ತಪ್ಪು ಎಣಿಕೆಗಳನ್ನು ತಿದ್ದುವ ಚಿಕಿತ್ಸೆಯನ್ನು ರೂಪಿಸಿದರು. ಹತ್ತು ಸಲ ಸೋತವನಿಗೆ ಹನ್ನೊಂದನೆಯ ಸಲ ಗೆಲುವು ಬಾಕಿಯಿದೆ ಎನ್ನಿಸುತ್ತದೆ. ದಾಳಕ್ಕೆ ಹಿಂದಿನದರ ನೆನಪಿಲ್ಲ ಎಂಬುದನ್ನು ಅವನ ಆಟದ ಉದಾಹರಣೆಗಳಿಂದಲೇ ಬಿಡಿಸಿ ತೋರಿಸುವುದು ಅವರ ಕ್ರಮ. ಅಕ್ಷಹೃದಯದ ಪಾಠವೇ ಇದು, ಕೊನೆಯ ಪಣವೊಂದನ್ನು ಬಿಟ್ಟು. ಕ್ಯಾಲ್ಗರಿಯ ಡೇವಿಡ್ ಹಾಡ್ಜಿನ್ಸ್ ತಂಡ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫೋನಿನಲ್ಲಿ ಒಂದು ಸಂಭಾಷಣೆ, ಜೊತೆಗೆ ಅಂಚೆಯಲ್ಲಿ ಒಂದು ಅಭ್ಯಾಸ ಪುಸ್ತಿಕೆ ಅಷ್ಟೇ ಕೊಟ್ಟು ಹಲವರಿಗೆ ನೆರವಾಗಬಹುದೆಂದು ಕಂಡಿತು. ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಆಡುವ ತುಡಿತವನ್ನು ತಗ್ಗಿಸುತ್ತದೆಯೇ ಎಂಬ ಪರೀಕ್ಷೆಯೂ ಅದೇ ವರ್ಷ ಹೊರಬಂತು. ಪೂರಾ ಬಿಡಬೇಕೋ, ಕಡಿಮೆ ಮಾಡಿದರೆ ಸಾಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸಂಘದ ಹಳಬರು ಪೂರಾ ಬಿಡುವುದೇ ಸರಿಯೆನ್ನುತ್ತಾರೆ. ಮೊದಲ ಹೆಜ್ಜೆಗೇ ಅಷ್ಟು ಕೇಳಿದರೆ ಬಹಳ ಮಂದಿ ಒಳಗೇ ಬರುವುದಿಲ್ಲವೆಂಬುದು ಕೆಲವು ಚಿಕಿತ್ಸಕರ ಮಾತು. ಚಟ ಗಾಢವಾದವರ ವಿಷಯದಲ್ಲಿ ಹಳಬರ ಮಾತೇ ಹೆಚ್ಚು ತೂಕದ್ದು.

ಅಮೆರಿಕದ ಎರಡು ರಾಷ್ಟ್ರೀಯ ಸಮೀಕ್ಷೆಗಳನ್ನು ಆಧರಿಸಿ ವೆಂಡಿ ಸ್ಲಟ್ಸ್‌ಕಿ 2006ರಲ್ಲಿ ಪ್ರಕಟಿಸಿದ ಲೇಖನ ಹಳೆಯ ಎಣಿಕೆಯೊಂದನ್ನು ಅಲುಗಿಸಿತು. ಬದುಕಿನಲ್ಲಿ ಎಂದಾದರೂ ಈ ಚಟಕ್ಕೆ ಸಿಕ್ಕವರಲ್ಲಿ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಜನ ಹಿಂದಿನ ವರ್ಷದಲ್ಲಿ ಯಾವ ಲಕ್ಷಣವೂ ಇಲ್ಲದೆ ಇದ್ದರು, ಆದರೆ ಚಿಕಿತ್ಸೆ ಅಥವಾ ಸಂಘದ ನೆರವು ಪಡೆದವರು ಹತ್ತರಲ್ಲಿ ಒಬ್ಬರ ಆಸುಪಾಸು ಮಾತ್ರ. ಅಂದರೆ ಹೆಚ್ಚಿನವರು ಆಸ್ಪತ್ರೆಯ ಹೊರಗೇ ಬಿಡುತ್ತಾರೆ. ಇದರಿಂದ ಚಿಕಿತ್ಸೆ ಬೇಡವೆಂದು ಅರ್ಥವಾಗುವುದಿಲ್ಲ. ಬಿಡುವವನ ಮನೆ, ಬೀದಿ, ಬ್ಯಾಂಕು, ಕಾನೂನು ಅವನ ಕಡೆಗಿವೆಯೇ ಎಂಬುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಬಾಗಿಲಲ್ಲಿ ಹೆಸರುಪಟ್ಟಿ ಇಡುವ ಪದ್ಧತಿ ಹುಟ್ಟಿದ್ದು ಈ ನೆಲೆಯಿಂದ. ನನ್ನನ್ನು ಒಳಗೆ ಬಿಡಬೇಡಿ ಎಂದು ಜೂಜುಕೋರನೇ ಜೂಜುಮನೆಗೆ ಬರೆದುಕೊಡುವ ವ್ಯವಸ್ಥೆ ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ 1989ರಲ್ಲಿ ಬಂತು. 1996ರಲ್ಲಿ ಅಮೆರಿಕದ ಮಿಸೌರಿ ರಾಜ್ಯ ಇದನ್ನು ಇನ್ನಷ್ಟು ಬಿಗಿ ಮಾಡಿತು: ಪಟ್ಟಿಗೆ ಸೇರಿದರೆ ಜೀವಮಾನವಿಡೀ, ಮತ್ತೆ ಕ್ಯಾಸಿನೊ ಹೊಕ್ಕರೆ ಅತಿಕ್ರಮ ಪ್ರವೇಶದ ಮೊಕದ್ದಮೆ. ಆ ಕಟ್ಟುನಿಟ್ಟು ನಂತರ ಸಡಿಲಗೊಂಡಿತು. ಬ್ರಿಟನ್ನಿನಲ್ಲಿ 2018ರಲ್ಲಿ ಬಂದ ಗ್ಯಾಮ್‌ಸ್ಟಾಪ್‌ನಲ್ಲಿ ಒಮ್ಮೆ ಹೆಸರು ಬರೆಸಿದರೆ ಪರವಾನಗಿಯುಳ್ಳ ಎಲ್ಲ ಆನ್‌ಲೈನ್ ಜೂಜು ತಾಣಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಮುಚ್ಚಿಕೊಳ್ಳುತ್ತವೆ. 2020ರಿಂದ ಎಲ್ಲ ಕಂಪನಿಗಳಿಗೂ ಇದು ಕಡ್ಡಾಯ. ಅದೇ ವರ್ಷ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದೂ ಅಲ್ಲಿ ನಿಂತಿತು. ಸ್ವೀಡನ್ 2019ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಪಟ್ಟಿ ತಂದಿತು. ಸಿಂಗಪುರ 2010ರಲ್ಲಿ ಕ್ಯಾಸಿನೊ ತೆರೆದಾಗ ಕುಟುಂಬದವರಿಗೂ ಈ ಅಧಿಕಾರ ಕೊಟ್ಟಿತು: ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ಅರ್ಜಿ ಹಾಕಿ ಮನೆಯವರನ್ನು ತಡೆಯಬಹುದು. ದಿವಾಳಿಯಾದವರ, ಸರಕಾರದ ನೆರವಿನಲ್ಲಿ ಬದುಕುವವರ ಹೆಸರು ತಾನಾಗಿ ಪಟ್ಟಿ ಸೇರುತ್ತದೆ. ಸ್ಥಳೀಯರಿಗೆ ದಿನದ ಪ್ರವೇಶಶುಲ್ಕ ಮೊದಲು 100 ಸಿಂಗಪುರ ಡಾಲರು, 2019ರಿಂದ 150.

ನಾರ್ವೆ ಒಬ್ಬೊಬ್ಬರ ಹೆಸರು ಬರೆದುಕೊಳ್ಳುವ ಬದಲು ಯಂತ್ರಗಳನ್ನೇ ಎತ್ತಿತು. ಅಂಗಡಿ, ನಿಲ್ದಾಣಗಳಲ್ಲೆಲ್ಲ ಇದ್ದ ಜೂಜುಯಂತ್ರಗಳ ಆದಾಯ ರೆಡ್ ಕ್ರಾಸ್‌ನಂಥ ಸೇವಾಸಂಸ್ಥೆಗಳಿಗೆ ಹೋಗುತ್ತಿತ್ತು, ಹಾಗಾಗಿ ತೆಗೆಯುವುದು ಸುಲಭವಿರಲಿಲ್ಲ. 2006ರಲ್ಲಿ ಯಂತ್ರಕ್ಕೆ ನೋಟು ಹಾಕುವುದನ್ನು ನಿಲ್ಲಿಸಿದರು, 2007ರ ಜುಲೈ 1ರಿಂದ ಯಂತ್ರಗಳೇ ಹೋದವು. ಸಹಾಯವಾಣಿಗೆ ಬರುವ ಕರೆಗಳು ಇಳಿದವು. ಇನ್ನೊಂದು ಜೂಜಿಗೆ ಜನ ಹಾರುತ್ತಾರೆಂಬ ಆತಂಕ ಬಹುಮಟ್ಟಿಗೆ ನಿಜವಾಗಲಿಲ್ಲವೆಂದು ಅಧ್ಯಯನಗಳು ಕಂಡವು. ನಂತರ ಬಂದ ಸರಕಾರಿ ಯಂತ್ರಗಳಲ್ಲಿ ಆಡಲು ಆಟಗಾರನ ಕಾರ್ಡು ಬೇಕು, ಕಳೆದುಕೊಳ್ಳುವ ಹಣಕ್ಕೆ ಮಿತಿಯಿದೆ.

ಕರ್ನಾಟಕಕ್ಕೂ 2007 ಅಂಥದ್ದೇ ವರ್ಷ. ಬ್ರಿಟಿಷರ 1867ರ ಸಾರ್ವಜನಿಕ ಜೂಜು ಕಾಯ್ದೆಯ ಜಾಡಿನಲ್ಲೇ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಜೂಜುಮನೆಗಳನ್ನು ಶಿಕ್ಷಿಸುತ್ತಿತ್ತು. ಅದರ ನಡುವೆಯೇ ಅರವತ್ತರ ದಶಕದಲ್ಲಿ ಬೊಂಬಾಯಿಯಲ್ಲಿ ಹತ್ತಿಯ ದರದ ಮೇಲಿನ ಪಂದ್ಯದಿಂದ ಬೆಳೆದ ಮಟ್ಕಾ, ಓಸಿ ಎಂಬ ಹೆಸರಿನಲ್ಲಿ ಇಲ್ಲಿನ ಪಾನ್ ಅಂಗಡಿಗಳವರೆಗೆ ಹಬ್ಬಿತು. ಪೊಲೀಸರು ಚೀಟಿ ಬರೆಯುವವನನ್ನು ಹಿಡಿದರು, ಆಡುವವನಿಗೆ ಬಿಡುವ ದಾರಿ ತೋರಿಸುವವರಿರಲಿಲ್ಲ. ಲಾಟರಿಯನ್ನಂತೂ ಸರಕಾರಗಳೇ ನಡೆಸಿದವು. ತೊಂಬತ್ತರ ದಶಕದಲ್ಲಿ ಒಂದೇ ಅಂಕಿಯ ಲಾಟರಿ ದಿನಕ್ಕೆ ಹಲವು ಡ್ರಾಗಳೊಂದಿಗೆ ಬಂದಾಗ ಕೂಲಿಯವರ ದಿನದ ಗಳಿಕೆ ಕೌಂಟರಿನಲ್ಲೇ ಮುಗಿಯಿತು. 1998ರ ಕೇಂದ್ರ ಕಾಯ್ದೆ ಒಂದಂಕಿ ಲಾಟರಿಯನ್ನು ನಿಲ್ಲಿಸಿತು, ತಮ್ಮಲ್ಲಿ ಲಾಟರಿಯೇ ಬೇಡವೆನ್ನುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. 2007ರಲ್ಲಿ ಕರ್ನಾಟಕ ಲಾಟರಿಯನ್ನು ಪೂರ್ತಿ ನಿಷೇಧಿಸಿತು. ಸಾರಾಯಿ ನಿಂತದ್ದೂ ಅದೇ ವರ್ಷ. ಗಡಿಯ ಊರುಗಳಿಗೆ ಕೇರಳದ ಟಿಕೇಟು ಇಂದಿಗೂ ಬರುತ್ತದೆ. ಆದರೂ ಬಸ್ ನಿಲ್ದಾಣದಲ್ಲಿ ಇಳಿದು ಮನೆಗೆ ನಡೆಯುವವನ ದಾರಿಯಲ್ಲಿ ಲಾಟರಿ ಅಂಗಡಿಯ ಸಾಲು ಇಲ್ಲವಾದದ್ದು ಬಿಡಲು ಹೊರಟವರಿಗೆ ಆದ ದೊಡ್ಡ ಉಪಕಾರ.

ಆಡುವವನಿಗೂ ಜೂಜಿಗೂ ನಡುವೆ ಹೀಗೆ ಉಂಟಾದ ದೂರವನ್ನು ಮೊಬೈಲ್ ಫೋನು ಅಳಿಸಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿದ್ದನ್ನು ಆನ್‌ಲೈನ್ ಕಂಪನಿಗಳು ಆಧಾರವಾಗಿ ಹಿಡಿದವು. ಚಟಕ್ಕೆ ಬಿದ್ದವನಿಗೂ ನಾನಾಡುವುದು ಜೂಜಲ್ಲ ಎಂದುಕೊಳ್ಳಲು ಅದು ನೆಪವಾಯಿತು. ಇಸ್ಪೀಟಿನ ಕಟ್ಟೆಗೆ ನಡೆದು ಹೋಗಬೇಕಿತ್ತು, ಕೈಸಾಲಕ್ಕೆ ಯಾರನ್ನಾದರೂ ಕೇಳಬೇಕಿತ್ತು, ನಡುವೆ ಮನಸ್ಸು ಬದಲಾಗಲು ಹೊತ್ತಿತ್ತು. ಯುಪಿಐ ಮತ್ತು ಸಾಲದ ಆ್ಯಪ್‌ಗಳು ಬಂದ ಮೇಲೆ ಪಣ, ಸೋಲು, ಸಾಲ, ಮರುಪಣ ಎಲ್ಲವೂ ಒಂದೇ ಪರದೆಯ ಮೇಲೆ ನಿಮಿಷದೊಳಗೆ ಮುಗಿಯುತ್ತವೆ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಇಡೀ ದೇಶದಲ್ಲಿ ಹಣದ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನು, ಅವಕ್ಕೆ ಬ್ಯಾಂಕುಗಳ ಮೂಲಕ ಹಣ ಸಾಗುವುದನ್ನು ನಿಷೇಧಿಸಿತು. ಅದು ಶಿಕ್ಷಿಸುವುದು ನಡೆಸುವವರನ್ನು, ಆಡುವವರನ್ನಲ್ಲ. ಆಡುವವನು ನೆರವು ಕೇಳಲು ಹೆದರದಿರುವುದಕ್ಕೆ ಈ ಭೇದ ಅಗತ್ಯವಾಗಿತ್ತು.

ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನು ಬಹುಕಾಲದಿಂದ ನಡೆಸುತ್ತಿದೆ. 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ಶಟ್ ಕ್ಲಿನಿಕ್ ತೆರೆಯಿತು. ಆನ್‌ಲೈನ್ ಆಟಕ್ಕೆ ಅಂಟಿಕೊಂಡವರಿಗೂ ಅಲ್ಲಿ ನೆರವುಂಟು. ಇಂದು ಸಲಹೆಗಾರರು ಸಾಮಾನ್ಯವಾಗಿ ಹೇಳುವ ಕ್ರಮಗಳನ್ನು ನೋಡಿದರೆ ಹಿಂದಿನ ದಾರಿಗಳೆಲ್ಲ ಅವುಗಳಲ್ಲಿ ಸೇರಿವೆ. ಸಾಲವನ್ನು ಮುಚ್ಚಿಡದೆ ಮನೆಯವರ ಮುಂದೆ ಬರೆದಿಡುವುದು, ಸಂಬಳ ಬರುವ ಖಾತೆಯನ್ನು ಕೆಲಕಾಲ ಇನ್ನೊಬ್ಬರ ಉಸ್ತುವಾರಿಗೆ ಕೊಡುವುದು, ಫೋನಿನಿಂದ ಆಟದ ಮತ್ತು ಸಾಲದ ಆ್ಯಪ್‌ಗಳನ್ನು ತೆಗೆಯುವುದು, ಯುಪಿಐ ಮಿತಿಯನ್ನು ಇಳಿಸುವುದು, ಆಡಬೇಕೆನಿಸಿದಾಗ ಅರ್ಧ ಗಂಟೆ ತಡೆದು ಯಾರಿಗಾದರೂ ಫೋನು ಮಾಡುವುದು, ಯುಗಾದಿ, ಐಪಿಎಲ್‌ನಂಥ ಅಪಾಯದ ದಿನಗಳನ್ನು ಮೊದಲೇ ಗುರುತಿಸಿ ಬೇರೆ ಕೆಲಸ ಗೊತ್ತುಮಾಡಿಕೊಳ್ಳುವುದು, ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲದೆ ಮರುದಿನವೇ ಹೇಳಿಕೊಳ್ಳುವುದು. ಸಾಲದ ಭಾರದಲ್ಲಿ ಸಾಯುವ ಯೋಚನೆ ಬಂದವರಂತೂ ಒಂದು ಗಂಟೆಯೂ ಒಬ್ಬರೇ ಇರಬಾರದು.

ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಜೂಜುಕೋರನೇ ಕರೆ ಮಾಡಬೇಕೆಂದಿಲ್ಲ, ಅವನ ಮನೆಯವರೂ ಮಾಡಬಹುದು.